ಕಣ್ಣಳತೆ

ಮಲಾವಿ ಸರೋವರದ ಈ ದಡದಲ್ಲಿ
ಉಸಿಪ ಮೀನನ್ನು ಯಾರೂ ತೂಗುವುದಿಲ್ಲ.
ತಗಡಿನ ತಟ್ಟೆಗೆ ಗೋಪುರದ ಹಾಗೆ ಪೇರಿಸಿ
ಮೇಲೊಂದು ಹಿಡಿ ಕೊಸರು ಸುರಿದರೆ
ವ್ಯಾಪಾರ ಮುಗಿಯಿತು.
ಹಿಟ್ಟಿಗೆ ನೀರೆಷ್ಟು, ಮಗಳ ನಡುವಿಗೆ ಬಟ್ಟೆ ಎಷ್ಟು ಮೊಳ,
ಎಲ್ಲ ಕಣ್ಣಳತೆಯೇ.
ನನ್ನ ಅಮ್ಮನ ಕಣ್ಣು ಒಂದು ಹರಳು ಉಪ್ಪೂ ತಪ್ಪಿದ್ದಿಲ್ಲ.
ಆ ಕಣ್ಣನ್ನೇ ನಂಬಿ ನಾನು
ಹತ್ತೊಂಬತ್ತು ವರ್ಷ ಹೆರಿಗೆ ಮಾಡಿಸಿದೆ.

ಬಸುರಿಯರು ಬರುವಾಗ ತರಬೇಕು ಮೂರು ಚಿತೆಂಜೆ,
ಒಂದು ಬ್ಲೇಡು, ಒಂದು ಬಕೆಟ್ಟು, ಒಂದು ಕರಿ ಪ್ಲಾಸ್ಟಿಕ್ಕು.
ಚಿತೆಂಜೆ ಉಡುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ,
ಕೂಸನ್ನು ಬೆನ್ನಿಗೆ ಕಟ್ಟುವುದಕ್ಕೂ ಅದೇ.
ಗಾಢ ಬಣ್ಣ, ಒತ್ತೊತ್ತಾಗಿ ಅಚ್ಚು.
ಎಷ್ಟು ಕುಡಿಯಿತು ಅಂತ ಹೇಳುವುದಿಲ್ಲ ಅದು.

ಫಲೇಸಿಯ ಚಿತೆಂಜೆಯಲ್ಲಿ ಕಂದು ಕೋಳಿಗಳಿದ್ದವು.
ಮಗು ಅತ್ತಿತು. ಕಸ ಬಿತ್ತು. ಅವಳು ಚಹಾ ಕೇಳಿದಳು,
ಸಕ್ಕರೆ ಜಾಸ್ತಿ ಇರಲಿ ಅಂದಳು.
ನಾನು ರಿಜಿಸ್ಟರಿನಲ್ಲಿ ಬರೆದೆ:
ರಕ್ತಸ್ರಾವ ಸುಮಾರು ಮುನ್ನೂರು.
ಚಹಾ ತಂದಾಗ
ಲೋಟ ಹಿಡಿಯಲು ಅವಳ ಕೈ ಏಳಲಿಲ್ಲ.
ಆಂಬುಲೆನ್ಸು ಸೇತುವೆಯ ಆಚೆ, ಡೀಸೆಲ್ಲಿಲ್ಲದೆ.
ಆಮೇಲೆ ಹಾಸಿಗೆ ಎತ್ತಿದರೆ ಅಡಿಯ ನೆಲ ಒದ್ದೆ,
ಕೋಳಿಗಳೆಲ್ಲ ಒಂದೇ ಬಣ್ಣ.
ಯಾರೂ ನನ್ನನ್ನು ಬೈಯಲಿಲ್ಲ.
ಅವಳ ಅತ್ತೆ ಕೈ ಹಿಡಿದು
ಉಪಕಾರವಾಯಿತು ಅಂದು ಹೋದಳು.
ಆ ಸುಮಾರು ಮಾತ್ರ, ನನ್ನದೇ ಅಕ್ಷರದಲ್ಲಿ,
ಹನ್ನೊಂದನೇ ಸಾಲಿನಲ್ಲಿ ಕೂತಿದೆ.

ಈಗ ತಮಂಡಾನಿ ಎಂಬ ಹುಡುಗಿ ಬಂದಿದ್ದಾಳೆ,
ಇಪ್ಪತ್ತಮೂರರ ನರ್ಸು, ಜಡೆಗೆ ನೀಲಿ ದಾರ ಹೆಣೆದವಳು.
ಅವಳ ಪೆಟ್ಟಿಗೆಯಲ್ಲಿ ಚೀಲದಂಥ ತಿಳಿ ಹಾಳೆ,
ಮೇಲೆ ಗೀಟುಗಳು: ಮುನ್ನೂರು, ಐನೂರು.
ಸೊಂಟದಡಿ ಹಾಸಿದರೆ ರಕ್ತ ಇಳಿದು
ತನ್ನ ಲೆಕ್ಕ ತಾನೇ ಹೇಳುತ್ತದಂತೆ.
ಸೀಮೆಎಣ್ಣೆ ಮಾರುತ್ತೀಯೇನೆ, ಅಂದು ನಕ್ಕೆ.
ಅವಳು ನಗಲಿಲ್ಲ. ಹಾಸಿದಳು.

ಟಿಯೋಂಗೆಯ ರಾತ್ರಿ. ಕರೆಂಟಿಲ್ಲ, ಹಣೆಗೆ ಟಾರ್ಚು.
ಎರಡನೇ ಮಗು, ಸಲೀಸು ಹೆರಿಗೆ,
ಹೊರಗೆ ಗೋಗೋಗಳು ನಾಲಗೆ ಆಡಿಸಿ
ಕೇಕೆ ಹಾಕಿಯೂ ಆಗಿತ್ತು.
ನನ್ನ ಕಣ್ಣು ಹೇಳಿತು: ಇನ್ನೂರೈವತ್ತು, ಜಾಸ್ತಿಯೆಂದರೆ.
ಗೀಟು ಹೇಳಿತು: ಐನೂರು, ಮೇಲೆ ಕೊಸರು.

ಕಣ್ಣಿಗೂ ಗೀಟಿಗೂ ನಡುವೆ
ಒಬ್ಬ ಹೆಂಗಸು ಹಿಡಿಸುವಷ್ಟು ಜಾಗ.

ತಮಂಡಾನಿ ಹೊಟ್ಟೆ ನೀವುತ್ತಿದ್ದಳು, ಹಿಟ್ಟು ನಾದುವ ಹಾಗೆ,
ಒಳಗಿನ ಚೀಲ ಕಲ್ಲಾಗುವ ತನಕ.
ನಾನು ಸೂಜಿ, ನಾನು ಡ್ರಿಪ್ಪು, ನಾನು ಇನ್ನೊಂದು ಔಷಧ,
ಒಂದರ ಹಿಂದೊಂದಲ್ಲ, ಒಟ್ಟಿಗೇ,
ಕಾದು ನೋಡೋಣ ಎಂಬ ಮಾತಿಗೆ ಬಾಯಿ ಸಿಗದ ಹಾಗೆ.
ಟಿಯೋಂಗೆ ಕೇಳಿದಳು: ಚಹಾ ಸಿಗುತ್ತಾ?
ನನ್ನ ಕೈ ನಿಂತಿತು.
ಸಿಗುತ್ತೆ, ಇರು, ಅಂದಳು ತಮಂಡಾನಿ.
ಬೆಳಗಿನ ಹೊತ್ತಿಗೆ ಸಿಕ್ಕಿತು. ಲೋಟ ಅವಳೇ ಹಿಡಿದಳು.

ಏಳನೇ ದಿನ ಕೂಸನ್ನು ತಕ್ಕಡಿಗೆ ನೇತುಹಾಕಿದೆವು,
ಚೀಟಿಯಲ್ಲಿ ತೂಕ ಬರೆದೆವು.
ತಾಯಿ ಬೆಂಚಿನ ಮೇಲೆ, ಖಾಲಿ ಮಾಡಿಟ್ಟ ಮೂಟೆಯ ಹಾಗೆ.
ಮೊದಲೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.
ಅವಳ ಕಣ್ಣೆವೆ ಕೆಳಗೆಳೆದು ನೋಡಿದೆ, ಬಿಳಿಚು.
ತಲೆ ತಿರುಗುತ್ತಾ, ನಿದ್ದೆ ಬರುತ್ತಾ, ಅಳು ಬರುತ್ತಾ?
ಅಳು ಬರುತ್ತೆ, ಅಂದಳು, ಪಾತ್ರೆ ತೊಳೆಯುವಾಗ.
ಅದಕ್ಕೆ ನನ್ನ ಹತ್ತಿರ ಗೀಟಿರಲಿಲ್ಲ.
ಪಕ್ಕದಲ್ಲಿ ಕೂತೆ.

ಹಾಳೆಗಳು ಮುಗಿದು ಮೂರು ವಾರ.
ಜಿಲ್ಲೆಯಿಂದ ಬರುತ್ತವಂತೆ, ಸುಮಾರು ತಿಂಗಳೊಳಗೆ.
ಮನೆಯಲ್ಲಿ ಮಗಳು ಹುಡುಕುತ್ತಿದ್ದಾಳೆ
ತನ್ನ ಕೆಂಪು ನೇಲ್ ಪಾಲಿಶ್.
ನಾನಿನ್ನೂ ಹೇಳಿಲ್ಲ:
ಹೆರಿಗೆ ಕೋಣೆಯ ತಿಳಿ ಪ್ಲಾಸ್ಟಿಕ್ ಬೇಸಿನ್ನಿಗೆ
ನೀರು ಅಳೆದು ಅಳೆದು ಹುಯ್ದು
ಎರಡು ಗೀಟು ಎಳೆದಿದ್ದೇನೆ.
ಎರಡನೆಯದು ಕೊಂಚ ಸೊಟ್ಟ.