ತಣ್ಣಗಿದ್ದಾಗಿನ ಸದ್ದು

ಬೆಳಗ್ಗೆ ಆರಕ್ಕೆ ಚೋಕ್ ಎಳೆದು ಎಬ್ಬಿಸಿದರೆ
ಪದ್ಮಿನಿ ಮೊದಲು ಕೆಮ್ಮುತ್ತದೆ, ಆಮೇಲೆ
ಯಾರೋ ಬೆರಳ ಗೆಣ್ಣಲ್ಲಿ ತಗಡು ಬಡಿದ ಹಾಗೆ
ಟಿಕ್ ಟಿಕ್ ಟಿಕ್.
ಗುತ್ತಲು ರಸ್ತೆ ಮುಟ್ಟುವಷ್ಟರಲ್ಲಿ ನಿಂತುಹೋಗುತ್ತದೆ.
ಬಾನೆಟ್ ಎತ್ತಿ ನಿಂತ ಲೂರ್ದಯ್ಯನ ಮುಂದೆ
ತಪ್ಪೇ ಮಾಡದ ಮಗುವಿನ ಹಾಗೆ ಗುರುಗುಡುತ್ತದೆ.

ಟ್ಯಾಪೆಟ್ ಇರಬೇಕು ಅಂದರು, ಎರಡು ಸಲ ಸರಿಮಾಡಿಸಿದೆ.
ಪೆಟ್ರೋಲೇ ಕಲಬೆರಕೆ ಅಂದರು
ಆ ಬಂಕಿನ ಎದುರು ಬಂಕಿನವರು.
ಹೀಗೇ ಏಳು ವರ್ಷ.

"ರಾತ್ರಿ ಇಲ್ಲೇ ಬುಟ್ಟೋಗಣ್ಣ," ಅಂದ ಲೂರ್ದಯ್ಯ.
"ಬಿಸಿಯಾದ್ರೆ ಕಬ್ಣ ಉಬ್ಬತದೆ, ಸಂದು ಮುಚ್ಕತದೆ.
ತಣ್ಣಗಿದ್ದಾಗ್ಲೇ ಕನಣ್ಣ ಸುಳ್ಳು ಸಿಕ್ಕಾಕಳದು."

ಮರುದಿನ ಕಬ್ಬಿನ ಲಾರಿಗಳು ಸಾಲುಗಟ್ಟುವ ಮೊದಲೇ ಹೋದೆ.
ಸಿದ್ದಪ್ಪಾಜಿ ಕೀ ತಿರುಗಿಸಿದ.
ಲೂರ್ದಯ್ಯ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು
ಇನ್ನೊಂದನ್ನು ಎಂಜಿನ್ನಿನ ಪಕ್ಕೆಗುಂಟ ಸರಿಸುತ್ತ ಸರಿಸುತ್ತ
ಮೂರನೆಯ ಸಿಲಿಂಡರಿನ ಬಳಿ ಕಣ್ಣು ಮುಚ್ಚಿದ.
ನನ್ನ ಕಿವಿಗೆ ಕೊಟ್ಟ.
ಒಳಗೆ ಯಾರೋ ಒಲೆ ಊದುತ್ತಿದ್ದರು.
ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ
ಕಾಡಿಗೆ ತೀಡಿದಂತೆ ಒಂದು ಗೆರೆ.

"ಈ ಹೊಗೆ ಒಳೀಕೂ ಬತ್ತಿತ್ತು," ಅಂದ,
ಪೆಡಲಿನ ಮೇಲೆ ರಬ್ಬರ್ ಉದುರಿದ್ದ ತೂತಿನಲ್ಲಿ ಬೆರಳು ತೂರಿಸಿ.
"ಮುಂದ್ಗಡೆ ಕೂತೋರ್ಗೆ ತಲೆ ನೋಯ್ತಿರ್ಲಿಲ್ವಾ?"

ನನ್ನ ಮೊಣಕೈ ಯಾವಾಗಲೂ ಕಿಟಕಿಯ ಆಚೆ.
ಪಕ್ಕದ ಗಾಜಿನ ಹ್ಯಾಂಡಲ್ ಮುರಿದು ಎಷ್ಟು ಕಾಲವಾಯಿತೋ.
ಅಲ್ಲಿ ಕೂರುತ್ತಿದ್ದವಳು ಕೆರಗೋಡಿನ ದುಂಡಮ್ಮ ಚಿಕ್ಕತ್ತೆ,
ಸೆರಗಿನ ತುದಿಗೆ ನಿಂಬೆಹಣ್ಣು ಗಂಟು ಹಾಕಿಕೊಂಡು.
ಶ್ರೀರಂಗಪಟ್ಟಣ ಬರುವ ಮೊದಲೇ "ನಿಲ್ಸಪ್ಪ" ಅನ್ನುತ್ತಿದ್ದಳು,
ರಸ್ತೆ ಬದಿಯಲ್ಲಿ ಬಗ್ಗಿ ನಿಲ್ಲುತ್ತಿದ್ದಳು.
ಎಲ್ಲಿಗೆ ಹೊರಟರೂ ಇವಳದ್ದೊಂದು ನಾಟಕ, ಅಂದಳು ಅಕ್ಕ.
ಬಸ್ಸಲ್ಲಿ ಏನೂ ಆಗಲ್ಲ, ನಮ್ಮ ಕಾರೇ ಆಗಿಬರಲ್ವಾ ನಿಂಗೆ,
ಅಂದೆ ನಾನು. ಪ್ರಶ್ನೆಯೊಳಗೇ ಉತ್ತರ ಇತ್ತು.
ಆಮೇಲಾಮೇಲೆ ಅವಳು ಬರುವುದನ್ನೇ ಬಿಟ್ಟಳು.

ಡೀಸೆಲ್ ಸವರಿ ಸಂಜೆಯವರೆಗೆ ನೆನೆಯಲು ಬಿಟ್ಟರು.
ನಟ್ಟುಗಳು ಗೊಣಗುತ್ತ ಬಂದವು,
ಒಂದು ಮಾತ್ರ ಸ್ಟಡ್ಡನ್ನೇ ಮುರಿದುಕೊಂಡು ಬಂತು.
ಸಿದ್ದಪ್ಪಾಜಿ ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದ.
ಲೂರ್ದಯ್ಯ ಬಯ್ಯಲಿಲ್ಲ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ
ಅಂಗಾಲಿನ ಮುಳ್ಳು ತೆಗೆಯುವ ಹಾಗೆ ತೆಗೆದ.

ಹಳೆಯ ಗ್ಯಾಸ್ಕೆಟ್ಟು ಸೀದ ಹಪ್ಪಳದಂತೆ ಪದರ ಪದರ ಎದ್ದಿತು.
ಮೂರನೆಯ ಕಣ್ಣಿನ ಅಂಚಿನಲ್ಲಿ
ಅವರೆಕಾಳಿನಷ್ಟು ಉರಿದುಹೋಗಿತ್ತು.
ಅಷ್ಟೇ. ಅವರೆಕಾಳಿನಷ್ಟು.

ಬ್ಲೇಡಿನಲ್ಲಿ ಕೆರೆದು, ಸ್ಟೀಲ್ ಸ್ಕೇಲಿಟ್ಟು
ಅಡಿಯಲ್ಲಿ ಬೆಳಕು ನುಸುಳುತ್ತದೋ ನೋಡಿ,
ಮೈಸೂರಿನಿಂದ ಬಸ್ಸಿನಲ್ಲಿ ಬಂದ ಹೊಸದನ್ನು
ಅಂಟು ಹಚ್ಚದೆ ಹಾಗೇ ಕೂರಿಸಿದ.
"ನಡುವಿಂದ ಬಿಗೀಲಾ, ಒಸಿ ಒಸಿಯ.
ಒಂದ್ ಕಡೇನೇ ಅಮುಕಿದ್ರೆ ಇನ್ನೊಂದ್ ಕಡೆ ಬಾಯ್ಬುಡ್ತದೆ."
ಕಾಯಿಸಿ, ಆರಿಸಿ, ಇನ್ನೊಂದು ಸುತ್ತು ಬಿಗಿದರು.
ತೂತಿಗೆ ರಬ್ಬರ್ ಹಾಕಿದರು.
ಹ್ಯಾಂಡಲನ್ನು ಹಾಕಿಸಿದ್ದು ನಾನು, ಯಾರೂ ಹೇಳದೆ.

ಭಾನುವಾರ ಕೆರಗೋಡಿಗೆ ಹೋಗಿ
ಪೇಪರಿನಲ್ಲಿ ಸುತ್ತಿದ್ದ ತುಂಡನ್ನು ಜಗಲಿಯ ಮೇಲೆ ಬಿಚ್ಚಿದೆ.
ದಾರಿಯುದ್ದ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ.
ಚಿಕ್ಕತ್ತೆ ಮೊರ ಕೆಳಗಿಟ್ಟು
ಅದನ್ನು ಮೂಗಿನ ಹತ್ತಿರ ತಂದಳು.
"ಇದೇಯ," ಅಂದಳು,
ಕಳೆದುಹೋದ ದನದ ಗುರುತು ಹೇಳುವವಳಂತೆ.
"ಎಷ್ಟಾಯ್ತು?"
ಸಾವಿರದ ನಾನೂರು.
"ಅಷ್ಟೇಯ?"

ಹತ್ತಿ ಕೂತಳು. ಸೆರಗಿನಲ್ಲಿ ಗಂಟು ಇದ್ದೇ ಇತ್ತು.
ಹೊಸ ಹ್ಯಾಂಡಲ್ ತಿರುಗಿಸಿ ಗಾಜನ್ನು ಪೂರ್ತಿ ಇಳಿಸಿದಳು.
ಹಾಗೇ ಇರ್ಲಿ ಬಿಡು ಚಿಕ್ಕತ್ತೆ, ಅಂದೆ.
"ನಾನೇನು ನಿನ್ನ ಕೇಳುದ್ನಾ," ಅಂದಳು.