ಮಾಲೀಕರು ಎಂಬ ಕಾಲಂ

ಮೊದಲ ಸಭೆಗೆ ಬಂದವರು ನಾಲ್ವರು.
ಚಹಾ ತಂದ ದುರುಗಪ್ಪನನ್ನೂ ಕೂಡಿಸಿ
ಕೋರಂ ಆಯಿತೆಂದು ಬರೆದೆ.
ಮುದಗಲ್ಲಿನಲ್ಲಿ ಮೂವತ್ತೊಂದು ವರ್ಷ
ನಳದ ಬಿಲ್ಲು, ಮನೆಪಟ್ಟಿ ಬರೆದ ಕೈ ನನ್ನದು;
ಸುಮ್ಮನೆ ಕೂತರೆ ಬೆರಳು ನೋಯುತ್ತವೆ.

ಸಂಘಕ್ಕೆ ಹೆಸರಿಡುವುದಕ್ಕೇ ಎರಡು ತಾಸು.
'ಪರಂಪರೆ' ಎಂದರು ಜೋಜಪ್ಪ ಮಾಸ್ತರು.
'ಹಳೇದು ಅಂತ ಬರೀರಿ ಸಾಕು' ಅಂದ ಗೌಂಡಿ ಲಾಲಸಾಬ,
'ಪರಂಪರೆ ಅಂದ್ರ ನಮ್ಮ ಓಣ್ಯಾಗ
ಯಾರೋ ಜಾಗಾ ಕೇಳಾಕ ಬಂದಾರಂತ ಬಾಗಿಲಾ ಹಾಕ್ಕೋತಾರ.'
ಹಳೇದು ಎಂದೇ ಬರೆದೆವು.
ಎಷ್ಟು ಹಳೇದು?
ಅಷ್ಟರಲ್ಲಿ ಎರಡನೇ ಚಹಾ ಬಂತು.

ಕೋಟೆಗೆ ಬೋರ್ಡಿದೆ, ಬೇಲಿಯಿದೆ,
ದಂಡದ ಮೊತ್ತ ನೀಲಿ ತಗಡಿನ ಮೇಲಿದೆ.
ನಮ್ಮ ಪಟ್ಟಿ ಬೇಲಿಯ ಹೊರಗಿನದು:
ಹಗ್ಗ ಒಂಬತ್ತು ಗೆರೆ ಕೊರೆದ ಬಾವಿಕಲ್ಲು,
ಮೋಟರ್ ಸೈಕಲ್ ಒರಗಿ ನಿಲ್ಲುವ ಗಾಣದ ಗುಂಡು,
ಬೆಲ್ಲ, ಅಳಲೆಕಾಯಿ ನೀರು ಕುಡಿದು ಗಟ್ಟಿಯಾದ
ಗಾರೆಯ ಗೋಡೆ,
ಅದರ ನಡುವೆ ಹೋದ ವರ್ಷದ ಸಿಮೆಂಟಿನ ತೇಪೆ.
ಲಾಲಸಾಬ ತೇಪೆಯನ್ನು ಉಗುರಿನಿಂದ ಕೆರೆದು
ಏನೂ ಅನ್ನಲಿಲ್ಲ.
ಅದು ಅವನದೇ ಕೈಕೆಲಸವೆಂದು
ದುರುಗಪ್ಪ ಆಮೇಲೆ ಹೇಳಿದ.

ಹದಿನೇಳನೆಯ ನಮೂದು:
ಮಡಿವಾಳರ ಸಾಬಮ್ಮನ ಹಿತ್ತಲಿನ ಒಗೆಯುವ ಕಲ್ಲು.
ಅಂಚಿಗೆ ಹಳಗನ್ನಡ, ನಾಲ್ಕು ಸಾಲು.
ನಡುವೆ ಬರೀ ನುಣುಪು.
ಮಾಸ್ತರು ತಲೆ ಹಿಡಿದುಕೊಂಡರು:
'ಇಷ್ಟು ವರ್ಷ ಇದರ ಮ್ಯಾಲ ಬಡದ್ಯಾ, ಯವ್ವಾ?'
'ಮತ್ತ ಯಾರ ಮ್ಯಾಲ ಬಡೀಲಿ?' ಅಂದಳು.

ಕಚೇರಿಗೆ ಒಯ್ಯೋಣ, ಮ್ಯೂಸಿಯಂಗೆ ಬರೆಯೋಣ,
ಮಂಟಪ ಕಟ್ಟಿ ಕಲ್ಲಿಗೆ ದೀಪ ಹಾಕೋಣ
ಎಂದರು ಅಂಗಡಿ ಗುಂಡೇರಾಯರು.
ಒಂದೇ ಗಳಿಗೆಯಲ್ಲಿ ನಾವೆಲ್ಲ ದೊಡ್ಡವರಾಗಿಬಿಟ್ಟೆವು.

ಆಕೆ ಒದ್ದೆ ಕೈ ಸೆರಗಿಗೆ ಒರೆಸಿ
ಒಲೆಯ ಬೂದಿ ತಂದು ನೆಲಕ್ಕೆ ಹರವಿ
ಬೆರಳಿಟ್ಟಳು.
'ನಾ ನಡೀಲಿಕ್ಕೆ ಬಂದಾಗ ಇಲ್ಲಿ ಹಿಂಗ ಒಂದಿತ್ತು, ಕೊಕ್ಕಿ ಹಂಗ.
ಅದರ ಬಗಲಿಗೆ ದುಂಡಂದು, ಸುಣ್ಣದ ಡಬ್ಬಿ ಹಂಗ.
ಇಲ್ಲಿ ತಗ್ಗಿನ್ಯಾಗ ದಿನಾ ಸಬಕಾರ ಸಿಗತಿತ್ತು,
ಬೆರಳ ಹಾಕಿ ತಗೀತಿದ್ದೆ.'
ಓದು ಬಾರದ ಬೆರಳು
ಅಳಿದ ಸಾಲನ್ನು ಬೂದಿಯಲ್ಲಿ ತೋಡಿತು.

ಸರಿಯೋ ತಪ್ಪೋ ಯಾರಿಗೆ ಗೊತ್ತು.
ಮಾಸ್ತರು ಓದಿದಂತೆ ಒಂದು ಹೊಲ, ಒಂದು ಕೆರೆಯ ತೂಬು.
ಕೊಟ್ಟವನ ಹೆಸರು ಬರಬೇಕಾದಲ್ಲಿ ಆಕೆ ನಿಂತಳು:
'ಇದರ ಮುಂದಿಂದು ನಾ ಬರೂದ್ರಾಗ ಸವದಿತ್ತು.
ನಮ್ಮತ್ತಿಗೆ ಗೊತ್ತಿತ್ತು.'

ದುರುಗಪ್ಪ ಫೋನು ತೆಗೆದು ಎರಡು ಫೋಟೊ ಹೊಡೆದ,
ಒಂದು, ಬೂದಿಯ ಮೇಲೆ ಕೋಳಿ ನಡೆಯುವ ಮೊದಲು,
ಇನ್ನೊಂದು ಆಮೇಲೆ.

ರಾತ್ರಿ ಫಾರಂ ತುಂಬಲು ಕೂತೆ.
ಸ್ಥಿತಿ: ಬಳಕೆಯಲ್ಲಿದೆ.
ಕಾಲ: ಸಾಬಮ್ಮನ ಅತ್ತೆಗಿಂತ ಹಿಂದಿನದು.
ಮಾಲೀಕರು:
ಸರ್ಕಾರದ್ದು ಎಂದರೆ ನಾಳೆ ಟ್ರ್ಯಾಕ್ಟರ್ ಬರುತ್ತದೆ,
ಅವಳದು ಎಂದರೆ ನಾಡಿದ್ದು
ಯಾರೋ ಕಾರಿನಲ್ಲಿ ಕೊಳ್ಳಲು ಬರುತ್ತಾರೆ.
ಸರ್ಕಾರಿ ಕಾಗದದ ಒಂದಕ್ಷರವನ್ನೂ
ಈವರೆಗೆ ಹೊಡೆದುಹಾಕಿದವನಲ್ಲ ನಾನು.
ಮಾಲೀಕರು ಎಂಬುದರ ಮೇಲೆ ಅಡ್ಡಗೆರೆ ಎಳೆದೆ,
ಎಳೆದದ್ದು ಸೊಟ್ಟಾಯಿತು,
ಮೇಲೆ ಬರೆದೆ: ನೋಡಿಕೊಳ್ಳುವವರು.

ನಮ್ಮ ಸಂಘದ ಮೊದಲ ಠರಾವು:
ಸಾಬಮ್ಮನಿಗೆ ಬೇರೆ ಒಗೆಯುವ ಕಲ್ಲು ಒಂದು,
ರೂಪಾಯಿ ಆರುನೂರು, ಹೊತ್ತು ತರುವ ಹಮಾಲಿ ಬೇರೆ.
ಕಲ್ಲು ಬಂದಿದೆ.
ನುಣುಪಿಲ್ಲ, ಬಟ್ಟಿ ಹರೀತಾವ ಎಂದು
ಸಿಕ್ಕಲ್ಲೆಲ್ಲ ನನ್ನನ್ನು ಹಿಡಿದು ಬೈಯುತ್ತಾಳೆ.
ಹಳೆಯದರ ಮೇಲೆ ಈಗ
ಕೆಂಪು ಮೆಣಸಿನಕಾಯಿ ಒಣಗುತ್ತಿದೆ.
ಅದನ್ನೂ ಬರೆಯಬೇಕು, ಸ್ಥಿತಿಯ ಕಾಲಮ್ಮಿನಲ್ಲಿ.