ದಪ್ಪ ಲಕೋಟೆ, ತೆಳ್ಳನೆಯ ಲಕೋಟೆ

ಟಪಾಲು ಹಂಚುವವಳಿಗೆ ತೂಕ ಗೊತ್ತು, ತಕ್ಕಡಿ ಬೇಡ.
ಇವತ್ತು ಚೀಲದಲ್ಲಿ ವಸತಿ ಟ್ರಸ್ಟಿನ ನೀಲಿ ಮುದ್ರೆಯ ಹದಿನೇಳು.
ನಾಲ್ಕು ದಪ್ಪ. ಒಳಗೆ ಕರಾರುಪತ್ರ ಇದ್ದೀತು,
ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಅನ್ನುವುದೂ.
ಹದಿಮೂರು ತೆಳ್ಳಗೆ. ಒಂದೇ ಹಾಳೆ.
ಒಂದೇ ಹಾಳೆಯಲ್ಲಿ ಯಾರೂ ಯಾರಿಗೂ ಮನೆ ಕೊಟ್ಟದ್ದಿಲ್ಲ.

ಹಡಗುಕಟ್ಟೆಯಿಂದ ಶುರು.
ಮೊದಲ ಒಂಬತ್ತು ಮನೆಗೆ ಕಾಗದವೇ ಬರುವುದಿಲ್ಲ.
ಬಾಗಿಲ ಪಕ್ಕ ಅಂಕಿ ಒತ್ತಿದರೆ ಬಾಯಿ ಬಿಡುವ ಕೀಲಿಪೆಟ್ಟಿಗೆ,
ಜೂನಿಗೆ ದೀಪ ಹತ್ತಿ ಸೆಪ್ಟೆಂಬರಿಗೆ ಆರುತ್ತದೆ.
ಎಫಿ ಮುದುಕಿ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದ ಮನೆಗೆ
ಈಗ 'ಸೀಲ್ ಮರಿ' ಅಂತ ಹೆಸರು.
ರಾತ್ರಿಗೆ ನೂರಾ ಎಂಬತ್ತು ಪೌಂಡು, ನಾಯಿಗೆ ಬೇರೆ.

ಬೈದು ಹೇಳುತ್ತಿಲ್ಲ. ಮಾರಿದ್ದು ಎಫಿಯ ಮಗಳೇ.
ನಾನಾಗಿದ್ದರೂ ಮಾರುತ್ತಿದ್ದೆ.
ಮಾರೋದಕ್ಕೆ ನನ್ನ ಹತ್ತಿರ ಏನಿದೆ ಅನ್ನೋದು ಬೇರೆ ಮಾತು.

ಏಳು ವರ್ಷ ಹಿಡಿಯಿತು ನಾಲ್ಕು ಮನೆಗೆ.
ಮೊದಲು ಜಾಗ. ಆಮೇಲೆ ಜಾಗದ ಹುಲ್ಲಲ್ಲಿ ಮೊಟ್ಟೆಯಿಡುವ ಹಕ್ಕಿ.
ಆಮೇಲೆ ನೀರಿನ ಕೊಳವೆ ಸಾಲದು ಅಂದರು,
ಆಮೇಲೆ ಸಿಮೆಂಟು ತರುವ ದೋಣಿಗೆ ಗಾಳಿ ಜಾಸ್ತಿ ಅಂದರು.
ಎಡಿನ್‌ಬರೋದಿಂದ ಬಂದ ಹುಡುಗ ಸಭೆಯಲ್ಲಿ,
"ಬೇಡಿಕೆ ಅಂಕಿ-ಅಂಶದಲ್ಲಿ ಕಾಣುತ್ತಿಲ್ಲ."
ಡೋಲಿನಾ ಎದ್ದಳು: "ಕಾಣೋದು ಹೇಗಪ್ಪಾ,
ಬೇಡಿದವರೆಲ್ಲ ಹಡಗು ಹತ್ತಿ ಹೋದರಲ್ಲ."
ಅವನು ಬರೆದುಕೊಂಡ. ಪಾಪ, ಬರೆದುಕೊಳ್ಳುತ್ತಲೇ ಇದ್ದ.

ಕೊನೆಗೆ ಅಂಕಗಳು. ಮಕ್ಕಳಿದ್ದರೆ ಇಷ್ಟು,
ದ್ವೀಪದಲ್ಲಿ ಕೆಲಸವಿದ್ದರೆ ಇಷ್ಟು, ಛಾವಣಿ ಸೋರಿದರೆ ಇಷ್ಟು.
ಹನ್ನೊಂದು ಚಳಿಗಾಲದಿಂದ ನನ್ನ ಕ್ಯಾರವಾನನ್ನು
ಹಗ್ಗದಲ್ಲಿ ಬಂಡೆಗೆ ಕಟ್ಟಿಟ್ಟಿದ್ದೇನೆ.
ಹಗ್ಗಕ್ಕೆ ಅಂಕವಿಲ್ಲ.

ಮೊದಲ ದಪ್ಪದ್ದು ನರ್ಸಿಗೆ. ಸರಿ.
ಎರಡನೆಯದು ತಮ್ಮನ ಸೋಫಾದ ಮೇಲೆ ಮಲಗುವ ಟಾರ್ಕ್ವಿಲ್‌ಗೆ.
ಮೂರನೆಯದು ಲಾಟ್ವಿಯಾದ ಇಲ್ಜೆಗೆ. ಮೀನು ಸೀಳುವ ಕೆಲಸ;
ಅವಳ ಮೂರು ಮಕ್ಕಳಿಂದಲೇ ಶಾಲೆ ಇನ್ನೂ ಮುಚ್ಚಿಲ್ಲ.
ಮೆಟ್ಟಿಲ ಮೇಲೆ ನಿಂತು, ಕಸದ ಡಬ್ಬಿಯ ಹಾಳೆಯನ್ನೇ
ಎರಡು ಸಲ ಗಟ್ಟಿಯಾಗಿ ಓದಿದಳು.

ತೆಳ್ಳನೆಯವನ್ನು ಬಾಗಿಲು ತಟ್ಟದೆ ತೂರಿಸಿ ಬಂದೆ.
ನನ್ನದನ್ನೂ ನಿಯಮದ ಪ್ರಕಾರ
ನನ್ನ ಬಾಗಿಲ ಸಂದಿಯಲ್ಲೇ ಹಾಕಿ, ಒಳಗೆ ಹೋಗಿ ಬಗ್ಗಿ ಎತ್ತಿಕೊಂಡೆ.
'ಕಾಯುವ ಪಟ್ಟಿಯಲ್ಲಿ ಮೊದಲನೆಯವರು.
ಆಯ್ಕೆಯಾದವರು ಹದಿನಾಲ್ಕು ದಿನದೊಳಗೆ ಉತ್ತರಿಸದಿದ್ದರೆ
ನಿಮ್ಮನ್ನು ಸಂಪರ್ಕಿಸಲಾಗುವುದು.'

ಚೀಲದಲ್ಲಿ ನಾಲ್ಕನೆಯ ದಪ್ಪದ್ದು ಉಳಿದಿತ್ತು.
ಈವನ್‌ಗೆ. ಕಾದು ಕಾದು, ಹೋದ ಮಂಗಳವಾರ
ಹೆಂಡತಿ, ತೊಟ್ಟಿಲು, ಹಾಸಿಗೆ ಸಮೇತ ಹಡಗು ಹತ್ತಿದ.
ಅವನ ಹೊಸ ವಿಳಾಸ ಈ ದ್ವೀಪದಲ್ಲಿ ನನಗೊಬ್ಬಳಿಗೇ ಗೊತ್ತು.

ಟೀ ಮಾಡಿದೆ. ಕುಡಿಯಲಿಲ್ಲ.
ಗಾಳಿಗೆ ಹಗ್ಗ ಒಮ್ಮೆ ಬಿಗಿದು ಸಡಿಲಾಯಿತು.

ಹಳೆಯ ವಿಳಾಸ ಹೊಡೆದುಹಾಕಿ
ಹೊಸದನ್ನು ದೊಡ್ಡ ಅಕ್ಷರದಲ್ಲಿ ಬರೆದೆ,
ಮಳೆ ಬಿದ್ದರೂ ಓದುವ ಹಾಗೆ.
ಪಿನ್‌ಕೋಡನ್ನು ಎರಡು ಸಲ ನೋಡಿದೆ.
ನಾಲ್ಕರ ಹಡಗಿಗೆ ಇನ್ನೂ ಹತ್ತು ನಿಮಿಷ ಇತ್ತು.